ಕಸ್ಟಡಿ ಸಾರ್ಜೆಂಟರ ಮೇಜು

ಬ್ರಿಟನ್ನಿನ ಪೊಲೀಸರ ಮಾತು ಬಂದಾಗ ನಮ್ಮವರು ಸಾಮಾನ್ಯವಾಗಿ ಹೊಗಳುವುದು ಎರಡು ಸಂಗತಿಯನ್ನು: ಬಹುತೇಕರ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ, ದಾರಿ ಕೇಳಿದರೆ ಸಮಾಧಾನದಿಂದ ಹೇಳುತ್ತಾರೆ. ಎರಡೂ ನಿಜ. ಆದರೆ ಇಲ್ಲಿಂದ, ಅಂದರೆ ಬ್ರಿಟನ್ನಿನಿಂದ, ನಾವು ಕಲಿಯಬೇಕಾದ ವಿಷಯ ಬೀದಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅದು ಠಾಣೆಯ ಒಳಗಿದೆ. ಬಂಧಿಸಿ ತಂದವರನ್ನು ಮೊದಲು ನಿಲ್ಲಿಸುವ ಒಂದು ಮೇಜು, ಅದರ ಹಿಂದೆ ಕಾನ್‌ಸ್ಟೇಬಲ್‌ಗಿಂತ ಒಂದು ಮೆಟ್ಟಿಲು ಮೇಲಿನ ದರ್ಜೆಯ ಒಬ್ಬ ಸಾರ್ಜೆಂಟ್, ಅವರ ಮುಂದೆ ನಿಮಿಷ ನಿಮಿಷದ ಲೆಕ್ಕ ಬರೆಯುವ ದಾಖಲೆ. ಲಂಡನ್ನಿನಲ್ಲಿ ಸಮವಸ್ತ್ರದ ಪೊಲೀಸರು ಬೀದಿಗಿಳಿದದ್ದು 1829ರಲ್ಲಿ; ಈ ಮೇಜಿಗೆ ಕಾನೂನಿನ ಬಲ ಬಂದದ್ದು 1986ರ ಜನವರಿ 1ರಂದು. ನಡುವಿನ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆದ ತಪ್ಪುಗಳನ್ನು ತಿಳಿಯದೆ ಈ ವ್ಯವಸ್ಥೆಯನ್ನು ಹೊಗಳಿದರೂ ಪ್ರಯೋಜನವಿಲ್ಲ, ತೆಗಳಿದರೂ ಪ್ರಯೋಜನವಿಲ್ಲ.

ಮೊದಲಿಗೆ ಇಂಗ್ಲೆಂಡಿನಲ್ಲೂ ಕಾವಲು ಊರಿನವರದೇ ಹೊಣೆ. 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಊರುಗಳು ರಾತ್ರಿ ಕಾವಲು ಇಡಬೇಕು. ಕಳ್ಳತನವಾಯಿತೆಂದು ಕೂಗು ಎದ್ದರೆ ಎಲ್ಲರೂ ಬೆನ್ನಟ್ಟಬೇಕು. ನಮ್ಮ ತಳವಾರ, ತೋಟಿಯವರಿಗೆ ಕೆಲಸ ವಂಶಪಾರಂಪರ್ಯ. ಸುಗ್ಗಿಯಲ್ಲಿ ಆಯ ಸಿಗುತ್ತಿತ್ತು, ಕೆಲವೆಡೆ ಇನಾಮು ಹೊಲವೂ ಇತ್ತು. ಇಂಗ್ಲೆಂಡಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಕಾನ್‌ಸ್ಟೇಬಲ್‌ಗೆ ಸಂಬಳವೂ ಇಲ್ಲ, ಆಯವೂ ಇಲ್ಲ. ಸರದಿಯ ಮೇಲೆ ಒಂದು ವರ್ಷದ ಬಿಟ್ಟಿ ಕೆಲಸ. ಹಣವಿದ್ದವರು ತಮ್ಮ ಬದಲು ಇನ್ನೊಬ್ಬರನ್ನು ಕೂಲಿಗೆ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಹಳ್ಳಿಗೆ ಸಾಕಾಗುತ್ತಿದ್ದ ಈ ಏರ್ಪಾಡು, ಬೆಳೆಯುತ್ತಿದ್ದ ಲಂಡನ್ನಿನಲ್ಲಿ ಕುಸಿದುಬಿತ್ತು.

ಆಗ ಸರ್ಕಾರ ಹಿಡಿದ ದಾರಿ ಬಹುಮಾನದ್ದು. 1692ರ ಕಾಯ್ದೆಯಂತೆ ಹೆದ್ದಾರಿ ದರೋಡೆಕೋರನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ 40 ಪೌಂಡ್. ಶಿಕ್ಷೆಯಾದರೆ ಮಾತ್ರ ಹಣ ಅಂದಮೇಲೆ ಏನಾಗಬೇಕೋ ಅದೇ ಆಯಿತು. ಕಳ್ಳರನ್ನು ಹಿಡಿಯುವುದೇ ಕಸುಬಾದವರು ಹುಡುಗರನ್ನು ಪುಸಲಾಯಿಸಿ ದರೋಡೆ ಮಾಡಿಸಿ, ಆಮೇಲೆ ಅವರನ್ನೇ ಒಪ್ಪಿಸಿ, ನೇಣಿಗೇರಿಸಿ ಬಹುಮಾನ ಎಣಿಸಿಕೊಂಡರು. ಜೊನಾಥನ್ ವೈಲ್ಡ್ ಎಂಬವನು ಒಂದು ಕೈಯಲ್ಲಿ ಕದಿಸಿ ಇನ್ನೊಂದು ಕೈಯಲ್ಲಿ ಮಾಲು ಹಿಂತಿರುಗಿಸುವ ದೊಡ್ಡ ವ್ಯಾಪಾರವನ್ನೇ ನಡೆಸಿ, 1725ರಲ್ಲಿ ತಾನೇ ನೇಣಿಗೇರಿದ. ತನಿಖೆ ಮಾಡುವವರ ಲಾಭವನ್ನು ಶಿಕ್ಷೆಗೆ ಗಂಟುಹಾಕಿದರೆ ನಿರಪರಾಧಿ ಸಿಕ್ಕಿಬೀಳುತ್ತಾನೆ ಎಂಬ ಪಾಠ ಈ ದೇಶಕ್ಕೆ ಅಷ್ಟು ಹಿಂದೆಯೇ ಸಿಕ್ಕಿತ್ತು. ಅದನ್ನು ಪೂರ್ತಿ ಅರಗಿಸಿಕೊಳ್ಳಲು ಇನ್ನೂ ಎರಡೂವರೆ ಶತಮಾನ ಹಿಡಿಯಿತು.

1749ರಲ್ಲಿ ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್ ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯದಲ್ಲಿ ಕಳ್ಳರನ್ನು ಹಿಡಿಯುವ ಒಂದು ಸಣ್ಣ ತಂಡ ಕಟ್ಟಿದರು. 1798ರಲ್ಲಿ ಥೇಮ್ಸ್ ನದಿಯ ಹಡಗು ಸರಕು ಕಾಯಲು ವಾಪಿಂಗ್‌ನಲ್ಲಿ ಜಲಪೊಲೀಸ್ ಹುಟ್ಟಿತು. ಇಡೀ ನಗರಕ್ಕೆ ಒಂದು ದಳ ಎಂದಾಗ ಮಾತ್ರ ಪಾರ್ಲಿಮೆಂಟ್ ಹಿಂಜರಿಯಿತು. ಅದು ಫ್ರಾನ್ಸಿನ ಹಾಗೆ ಗೂಢಚಾರರ ಸರ್ಕಾರವಾದೀತೆಂಬ ಭಯ. 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್‌ಲೂ ಸಭೆಯ ಮೇಲೆ ಕುದುರೆ ದಳ ಕತ್ತಿ ಬೀಸಿದ ಮೇಲೆ, ಗುಂಪು ಸೇರಿದಲ್ಲೆಲ್ಲ ಸೈನ್ಯ ಕರೆಸುವುದಕ್ಕೆ ಪರ್ಯಾಯ ಬೇಕೆಂಬುದು ಸ್ಪಷ್ಟವಾಯಿತು.

ಗೃಹಮಂತ್ರಿ ರಾಬರ್ಟ್ ಪೀಲ್ ಆ ಭಯವನ್ನು ಅರಿತೇ ದಳವನ್ನು ರೂಪಿಸಿದರು. 1829ರ ಸೆಪ್ಟೆಂಬರ್ 29ರ ಸಂಜೆ ಬೀದಿಗೆ ಬಂದವರು ಸೈನಿಕರ ಕೆಂಪು ಬಿಟ್ಟು ನೀಲಿ ತೊಟ್ಟಿದ್ದರು. ಕೋಟಿನ ಬಾಲದಲ್ಲಿ ಅಡಗಿಸಿದ ಮರದ ಲಾಠಿ, ನೆರವು ಕರೆಯಲು ಒಂದು ಗಿಲಕಿ, ಗುರುತು ಸಿಗಲೆಂದು ಕಾಲರಿನ ಮೇಲೆ ನಂಬರು. ಸಂಬಳ ವಾರಕ್ಕೆ ಸುಮಾರು ಒಂದು ಗಿನಿ. ಇಷ್ಟಾದರೂ ಜನ ಒಪ್ಪಲಿಲ್ಲ. 1833ರಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಗಲಾಟೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಇರಿತಕ್ಕೆ ಸತ್ತಾಗ, ಅದು ಸಮರ್ಥನೀಯ ಹತ್ಯೆ ಎಂದೇ ಸಾವಿನ ವಿಚಾರಣೆಯ ಜ್ಯೂರಿಯವರು ತೀರ್ಪು ಕೊಟ್ಟರು. ಅಂದಹಾಗೆ, ಪೊಲೀಸರು ಹೇಗಿರಬೇಕೆಂದು ಹೇಳುವ, ವಾಟ್ಸಾಪಿನಲ್ಲಿ ಸುತ್ತುವ ‘ಪೀಲರ ಒಂಬತ್ತು ಸೂತ್ರಗಳು’ ಆ ರೂಪದಲ್ಲಿ ಪೀಲರ ಕಾಗದಪತ್ರಗಳಲ್ಲಿ ಇಲ್ಲ. ಅವಕ್ಕೆ ಈಗಿನ ರೂಪ ಕೊಟ್ಟವರು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಚಾರ್ಲ್ಸ್ ರೀತ್.

ನಮಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಪೀಲ್ ಲಂಡನ್ನಿಗೆ ಪೊಲೀಸ್ ಕೊಡುವ ಮೊದಲು, 1814ರಲ್ಲಿ, ಐರ್ಲೆಂಡಿಗೆ ಒಂದು ದಳ ಕೊಟ್ಟಿದ್ದರು. ಅದರ ಬೆನ್ನಿಗೆ ಬೆಳೆದ ಐರಿಷ್ ಕಾನ್‌ಸ್ಟ್ಯಾಬ್ಯುಲರಿಯ ಲಕ್ಷಣಗಳನ್ನು ನೋಡಿ: ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ, ಸ್ವಂತ ಜಿಲ್ಲೆಯಲ್ಲಿ ಕೆಲಸ ಇಲ್ಲ, ಉತ್ತರ ಕೊಡಬೇಕಾದದ್ದು ಊರಿಗಲ್ಲ, ಡಬ್ಲಿನ್ನಿನ ಕೋಟೆಯಲ್ಲಿದ್ದ ಬ್ರಿಟಿಷ್ ಸರ್ಕಾರಕ್ಕೆ. ಇದು ಆಳಿಸಿಕೊಳ್ಳುವ ಜನರಿಗೆ ಮಾಡಿದ ಪೊಲೀಸ್. ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ 1843ರಲ್ಲಿ ಈ ಮಾದರಿಯನ್ನೇ ಅಲ್ಲಿ ನೆಟ್ಟ. 1857ರ ದಂಗೆ ಅಡಗಿದ ಮೇಲೆ 1860ರ ಆಯೋಗ, 1861ರ ಪೊಲೀಸ್ ಕಾಯ್ದೆ ಬಂದವು. ಕರ್ನಾಟಕಕ್ಕೆ ಈಗ 1963ರ ತನ್ನದೇ ಕಾಯ್ದೆ ಇದೆ. ಆದರೆ ಸಿವಿಲ್ ಪೊಲೀಸ್ ಬೇರೆ, ಡಿ.ಎ.ಆರ್., ಕೆ.ಎಸ್.ಆರ್.ಪಿ. ಎಂಬ ಸಶಸ್ತ್ರ ದಳಗಳು ಬೇರೆ ಎಂಬ ವಿಂಗಡಣೆ, ಕ್ವಾರ್ಟರ್ಸ್ ಬದುಕು, ಮೇಲಿನಿಂದ ಕೆಳಗಿಳಿಯುವ ಹುಕುಂ ಇವುಗಳಲ್ಲಿ ನನಗೆ ಕಾಣುವುದು ಡಬ್ಲಿನ್, ಲಂಡನ್ ಅಲ್ಲ. ಆದ್ದರಿಂದ ‘ಬ್ರಿಟಿಷರು ಕೊಟ್ಟ ಪೊಲೀಸ್ ವ್ಯವಸ್ಥೆ’ ಎಂದು ನಾವು ಹೇಳುವಾಗ, ಅವರು ತಮಗಾಗಿ ಇಟ್ಟುಕೊಂಡದ್ದನ್ನು ನಮಗೆ ಕೊಡಲಿಲ್ಲ ಎಂಬುದು ನೆನಪಿರಬೇಕು. ನಾವೇ ಕೊಟ್ಟದ್ದೂ ಒಂದಿದೆ: 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು, ಸ್ಕಾಟ್ಲೆಂಡ್ ಯಾರ್ಡಿನಲ್ಲಿ 1901ರಲ್ಲಿ. ಬೆರಳಚ್ಚುಗಳ ವರ್ಗೀಕರಣ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಹೆನ್ರಿಯವರ ಹೆಸರಲ್ಲಿದ್ದರೂ ಅದರ ಲೆಕ್ಕ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್.

ಇನ್ನೊಂದು ವಿಷಯದಲ್ಲಿ ನಮ್ಮ ಕಾನೂನೇ ಮುಂದಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯಕ್ಕಾಗಿ, ತಪ್ಪೊಪ್ಪಿಗೆಗಾಗಿ ನಡೆಯುತ್ತಿದ್ದ ಚಿತ್ರಹಿಂಸೆಯ ಬಗ್ಗೆ 1855ರಲ್ಲಿ ಒಂದು ಆಯೋಗ ವರದಿ ಕೊಟ್ಟಿತು. ಬಳ್ಳಾರಿಯೂ ಕೆನರಾವೂ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1861ರಲ್ಲಿ ಬಂತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಯಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ರಲ್ಲಿದೆ. ಇಂಗ್ಲೆಂಡ್ ಮಾತ್ರ ತನ್ನ ಪೊಲೀಸರನ್ನು ನಂಬಿತು. ಅಲ್ಲಿ ವಿಚಾರಣೆಗೆ ಇದ್ದದ್ದು 1912ರ ‘ನ್ಯಾಯಾಧೀಶರ ನಿಯಮಗಳು’. ಅವಕ್ಕೆ ಕಾನೂನಿನ ಬಲವಿರಲಿಲ್ಲ, ಮುರಿದರೂ ಹೇಳಿಕೆ ಬಹುಪಾಲು ನಿಲ್ಲುತ್ತಿತ್ತು.

ಆ ನಂಬಿಕೆ ಒಡೆದದ್ದು ಒಂದು ಕೊಲೆ ಪ್ರಕರಣದಲ್ಲಿ. 1972ರ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಮ್ಯಾಕ್ಸ್‌ವೆಲ್ ಕಾನ್ಫೆಟ್ ಎಂಬವರ ಕೊಲೆಯಾಯಿತು. ಸಿಕ್ಕಿಬಿದ್ದವರು 18, 15, 14 ವಯಸ್ಸಿನ ಮೂವರು. ಹಿರಿಯವನ ಬುದ್ಧಿ ಎಂಟು ವರ್ಷದ ಮಗುವಿನಷ್ಟು. ಜೊತೆಗೆ ವಕೀಲರಿಲ್ಲದೆ, ಮನೆಯವರಿಲ್ಲದೆ ವಿಚಾರಣೆ ನಡೆದು, ಮೂವರೂ ‘ಒಪ್ಪಿಕೊಂಡರು’. ಸತ್ತ ವೇಳೆಗೂ ಅವರ ಹೇಳಿಕೆಗೂ ತಾಳೆಯಾಗುತ್ತಿರಲಿಲ್ಲ. ಆದರೂ ಶಿಕ್ಷೆಯಾಯಿತು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. 1977ರಲ್ಲಿ ವಿಚಾರಣಾ ವರದಿ, 1981ರಲ್ಲಿ ರಾಯಲ್ ಕಮಿಷನ್ನಿನ ವರದಿ, 1984ರಲ್ಲಿ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ. ಇಲ್ಲಿನವರು ಅದನ್ನು ಕರೆಯುವುದು ‘ಪೇಸ್’ ಎಂದು. ಇದು ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಪೇಸ್ ತಪ್ಪೊಪ್ಪಿಗೆಯನ್ನು ನಿಷೇಧಿಸಲಿಲ್ಲ, ಅದು ಹುಟ್ಟುವ ಜಾಗಕ್ಕೆ ದೀಪ ಹಚ್ಚಿತು. ಬಂಧಿಸಿದವರು ಆರೋಪಿಯನ್ನು ಮೇಜಿನ ಮುಂದೆ ನಿಲ್ಲಿಸಿ, ಅವನಿಗೂ ಕೇಳಿಸುವಂತೆ ಕಾರಣ ಹೇಳಬೇಕು. ಇಟ್ಟುಕೊಳ್ಳುವ ಅಗತ್ಯವಿದೆಯೇ ಎಂದು ತೀರ್ಮಾನಿಸುವವರು ಸಾರ್ಜೆಂಟ್ ದರ್ಜೆಗೆ ಕಡಿಮೆಯಿಲ್ಲದ, ಆ ತನಿಖೆಗೆ ಸಂಬಂಧವೇ ಇಲ್ಲದ ಕಸ್ಟಡಿ ಅಧಿಕಾರಿ. ಒಬ್ಬರಿಗೆ ಸುದ್ದಿ ಮುಟ್ಟಿಸುವ ಹಕ್ಕು, ವಕೀಲರ ಹಕ್ಕು ತಿಳಿಸಬೇಕು. ಠಾಣೆಯಲ್ಲಿ ವಕೀಲರ ಸಲಹೆ ಎಷ್ಟೇ ಶ್ರೀಮಂತರಿಗೂ ಉಚಿತ. ಇಂಗ್ಲಿಷ್ ಬಾರದವರಿಗೆ ದುಭಾಷಿ. ಕಾಯಿಲೆ, ಮಾತ್ರೆ, ಕುಡಿತ, ಆತ್ಮಹತ್ಯೆಯ ಯೋಚನೆ ಎಲ್ಲ ಕೇಳಿ ಬರೆಯಬೇಕು. ಹದಿನೆಂಟು ತುಂಬದವರ ಜೊತೆ, ಬುದ್ಧಿ ಮನಸ್ಸು ಕುಂದಿದವರ ಜೊತೆ ಪೊಲೀಸಿನವರಲ್ಲದ ಒಬ್ಬ ವಯಸ್ಕರು ಇರಲೇಬೇಕು. ಇದು ನೇರವಾಗಿ ಕ್ಯಾಟ್‌ಫರ್ಡಿನ ಹುಡುಗರಿಂದ ಬಂದ ನಿಯಮ.

ಗಡಿಯಾರ ಸಾಮಾನ್ಯವಾಗಿ ಠಾಣೆ ತಲುಪಿದ ಕ್ಷಣದಿಂದ ಶುರು. ಬಂಧನ ಮಂಜೂರಾದ 6 ಗಂಟೆಯೊಳಗೆ ಮೊದಲ ಪರಿಶೀಲನೆ, ಆಮೇಲೆ 9 ಗಂಟೆಗೊಂದು. ಮಾಡುವವರು ತನಿಖೆಯ ಹೊರಗಿನ ಇನ್‌ಸ್ಪೆಕ್ಟರ್. 24 ಗಂಟೆ ಮುಗಿದರೆ ಆರೋಪ ಹೊರಿಸಬೇಕು ಇಲ್ಲವೇ ಬಿಡಬೇಕು. ಗಂಭೀರ ಅಪರಾಧಕ್ಕೆ ಸೂಪರಿಂಟೆಂಡೆಂಟ್ 36ರವರೆಗೆ ಎಳೆಯಬಹುದು, ಅದರಾಚೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಗರಿಷ್ಠ 96. ಭಯೋತ್ಪಾದನೆಗೆ ಪ್ರತ್ಯೇಕ ಕಾನೂನು. ಪ್ರತಿ 24 ಗಂಟೆಯಲ್ಲಿ ಸಾಮಾನ್ಯವಾಗಿ 8 ಗಂಟೆ ಎಡೆಬಿಡದ ವಿಶ್ರಾಂತಿ, ಎರಡು ಲಘು ಊಟ, ಒಂದು ಪೂರ್ಣ ಊಟ. ಕೋಣೆಗೆ ಗಂಟೆಗೊಮ್ಮೆ ಇಣುಕಬೇಕು. ಕುಡಿದು ಬಿದ್ದವರನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಬೇಕು, ಏಕೆಂದರೆ ಅಮಲೆಂದು ಕಂಡದ್ದು ತಲೆಯೊಳಗಿನ ರಕ್ತಸ್ರಾವವೂ ಆಗಿರಬಹುದು.

ವಿಚಾರಣೆ ಧ್ವನಿಮುದ್ರಣವಾಗಬೇಕು. ಕ್ಯಾಸೆಟ್ ಕಾಲದಲ್ಲಿ ಎರಡು ಟೇಪು ಒಟ್ಟಿಗೆ ತಿರುಗುತ್ತಿದ್ದವು. ಮುಗಿದೊಡನೆ ಒಂದನ್ನು ಆರೋಪಿಯ ಎದುರೇ ಮೊಹರು ಮಾಡಿ ಸಹಿ ಕೇಳುತ್ತಿದ್ದರು. ಬೆದರಿಸಿ ಒಪ್ಪಿಸಿದರು ಎಂಬ ಪ್ರಶ್ನೆ ಎದ್ದರೆ, ಹಾಗೆ ಆಗಿಲ್ಲವೆಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು. ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದು ಕಲಮು: ಮೇಲಧಿಕಾರಿ ಬಂದು ಕಸ್ಟಡಿ ಸಾರ್ಜೆಂಟರ ತೀರ್ಮಾನಕ್ಕೆ ವಿರುದ್ಧವಾದ ಆದೇಶ ಕೊಟ್ಟರೆ ಸಾರ್ಜೆಂಟ್ ಸುಮ್ಮನೆ ತಲೆಬಾಗಬೇಕಿಲ್ಲ, ವಿಷಯವನ್ನು ಕೂಡಲೇ ಠಾಣೆಯ ಹೊಣೆ ಹೊತ್ತ ಸೂಪರಿಂಟೆಂಡೆಂಟರಿಗೆ ಒಯ್ಯಬೇಕು. ಕೆಳ ದರ್ಜೆಯವರಿಗೆ ‘ಇಲ್ಲ ಸರ್’ ಎನ್ನಲು ಕಾನೂನೇ ಬೆನ್ನು ಕೊಟ್ಟಿದೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಮೇಜಿನ ಕಣ್ಣು ಬೀದಿಗೆ ಬೀಳುವುದಿಲ್ಲ. 1993ರಲ್ಲಿ ಕೊಲೆಯಾದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಪ್ರಕರಣದ ತನಿಖೆ ಎಷ್ಟು ಹದಗೆಟ್ಟಿತೆಂದರೆ, ಲಂಡನ್ ಪೊಲೀಸಿನಲ್ಲಿ ಸಾಂಸ್ಥಿಕ ಜನಾಂಗಭೇದ ಇದೆಯೆಂದು 1999ರ ಮ್ಯಾಕ್‌ಫರ್ಸನ್ ವರದಿ ಬರೆಯಬೇಕಾಯಿತು. ಒಂದು ಕಡೆ ಗಡುವು ಬಿಗಿದರೆ ಇನ್ನೊಂದು ಕಡೆ ಸೋರುವುದೂ ಉಂಟು. 2017ರಲ್ಲಿ ಆರೋಪಕ್ಕೆ ಮುಂಚಿನ ಜಾಮೀನಿಗೆ 28 ದಿನದ ಮಿತಿ ಹಾಕಿದಾಗ, ಪೊಲೀಸರು ಜಾಮೀನನ್ನೇ ಬಿಟ್ಟು ‘ತನಿಖೆ ಬಾಕಿ’ ಎಂದು ಜನರನ್ನು ಕಳಿಸತೊಡಗಿದರು. ಅದಕ್ಕೆ ಗಡುವೂ ಇಲ್ಲ, ಷರತ್ತೂ ಇಲ್ಲ. ಶಂಕಿತರೂ ದೂರುದಾರರೂ ತಿಂಗಳುಗಟ್ಟಲೆ ತೂಗಾಡಿದರು. 2022ರಲ್ಲಿ ಕಾನೂನು ಮತ್ತೆ ಬದಲಾಯಿತು.

ಈಗ ನಮ್ಮ ಕಡೆ ನೋಡೋಣ. ತಪ್ಪೊಪ್ಪಿಗೆ ನಿಷೇಧವಾಗಿದ್ದರೂ ಲಾಕಪ್ಪಿನ ಏಟು ಏಕೆ ನಿಲ್ಲಲಿಲ್ಲ? ಆ ನಿಷೇಧದ ಪಕ್ಕದಲ್ಲೇ ಹಳೆಯ 27ನೇ ಕಲಮು ಕೂತಿದೆ. ಆರೋಪಿಯ ಮಾತಿನಿಂದ ಚಾಕು, ಒಡವೆ ಏನಾದರೂ ಪತ್ತೆಯಾದರೆ ಅಷ್ಟು ಮಾತು ಸಾಕ್ಷ್ಯ. ಹಾಗಾಗಿ ಒತ್ತಡವೆಲ್ಲ ಹೇಳಿಕೆಯಿಂದ ‘ರಿಕವರಿ’ ಕಡೆಗೆ ವಾಲುತ್ತದೆ, ಪಂಚರ ಸಹಿ ಹಾಕಿಸಿದ ಮಹಜರು ಅದಕ್ಕೆ ಹೊದಿಕೆಯಾಗುತ್ತದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆದರೆ ಆಮೇಲೆ 15 ದಿನ ಪೊಲೀಸ್ ಕಸ್ಟಡಿ ಸಿಗಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದನ್ನು ತುಂಡು ತುಂಡಾಗಿ, ಮೊದಲ 40 ಅಥವಾ 60 ದಿನಗಳಲ್ಲಿ ಹಂಚಿಯೂ ಕೇಳಬಹುದು. ವಕೀಲರನ್ನು ಭೇಟಿಯಾಗಬಹುದು, ಆದರೆ ವಿಚಾರಣೆಯುದ್ದಕ್ಕೂ ಅಲ್ಲ.

1996ರ ಡಿ.ಕೆ. ಬಸು ತೀರ್ಪು ಅರೆಸ್ಟ್ ಮೆಮೊ, 48 ಗಂಟೆಗೊಮ್ಮೆ ವೈದ್ಯ ಪರೀಕ್ಷೆ ಮುಂತಾದವನ್ನು ಕೊಟ್ಟಿತು. 2020ರ ಪರಮವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರರ ಕೋಣೆಗೆ ಧ್ವನಿಸಹಿತ ಕ್ಯಾಮೆರಾ ಹಾಕಿ 18 ತಿಂಗಳು ದೃಶ್ಯ ಉಳಿಸಬೇಕೆಂದಿತು. ಒಳ್ಳೆಯ ಆದೇಶವೇ. ಆದರೆ ಕ್ಯಾಮೆರಾ ಕೆಡದಂತೆ ನೋಡುವ ಹೊಣೆ ಯಾರದು? ಠಾಣಾಧಿಕಾರಿಯದು. ತನಿಖೆಯ ಒತ್ತಡ ಅವರ ಮೇಲೆ, ಲಾಕಪ್ಪಿನ ಕೀಲಿ ಅವರ ಕೈಕೆಳಗೆ, ಸ್ಟೇಷನ್ ಡೈರಿ ಬರೆಯುವ ರೈಟರ್ ಅವರ ಅಧೀನ, ಈಗ ಕ್ಯಾಮೆರಾವೂ ಅವರದೇ. ಇಂಗ್ಲೆಂಡಿನಲ್ಲಿ ಪೇಸ್ ಬೇರ್ಪಡಿಸಿದ್ದು ಇದನ್ನೇ. ಅದರ ಮೇಲೆ, ಇದಕ್ಕೆಂದೇ ನೇಮಕವಾದ ಊರಿನ ಸಾಮಾನ್ಯ ನಾಗರಿಕರು ಇಬ್ಬಿಬ್ಬರಾಗಿ ಯಾವ ಹೊತ್ತಿನಲ್ಲಾದರೂ ಹೇಳದೆ ಬಂದು ಲಾಕಪ್ ನೋಡಬಹುದು. 1981ರಲ್ಲಿ ಲಂಡನ್ನಿನ ಬ್ರಿಕ್ಸ್ಟನ್ ಗಲಭೆಯ ಬಳಿಕ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ಸೂಚಿಸಿದ ಈ ಪದ್ಧತಿ 2002ರಿಂದ ಕಾನೂನಿನ ಭಾಗ.

ಕರ್ನಾಟಕದಲ್ಲಿ ಇದನ್ನು ಪ್ರತಿ ಠಾಣೆಯಲ್ಲೂ ಮಾಡಲು ಆಗದು, ಮಾಡಬೇಕಾಗಿಯೂ ಇಲ್ಲ. ಇಂಗ್ಲೆಂಡಿನಲ್ಲೂ ಪ್ರತಿ ಠಾಣೆಯಲ್ಲಿ ಲಾಕಪ್ ಇಲ್ಲ, ಹಲವು ಠಾಣೆಗಳಿಗೆ ಒಂದೇ ಕಸ್ಟಡಿ ಕೇಂದ್ರ. ನಮ್ಮಲ್ಲಿ ಉಪವಿಭಾಗಕ್ಕೊಂದು ಕೇಂದ್ರ ಮಾಡಿ, ಅದನ್ನು ಠಾಣಾಧಿಕಾರಿಯ ಅಧೀನದಿಂದ ಹೊರಗಿಟ್ಟು, ಪಿ.ಎಸ್.ಐ. ದರ್ಜೆಯವರನ್ನು ಮೇಜಿನ ಹಿಂದೆ ಕೂರಿಸಬಹುದು. ಲೆಕ್ಕವೂ ಕಷ್ಟದ್ದಲ್ಲ. ವಾರಕ್ಕೆ 168 ಗಂಟೆ, ಒಬ್ಬರಿಗೆ 48 ಗಂಟೆ ಎಂದರೆ ಮೂರೂವರೆ ಜನ. ರಜೆ, ತರಬೇತಿ, ಕೋರ್ಟ್ ಹಾಜರಿ ಸೇರಿಸಿದರೆ ಒಂದು ಕುರ್ಚಿಗೆ ಐದು ಜನ ಬೇಕು. ಬಂದೋಬಸ್ತಿಗೆಂದು ಆ ಐವರಲ್ಲಿ ಒಬ್ಬರನ್ನೂ ಎಳೆಯಕೂಡದು ಎಂಬ ಸಾಲು ಮಂಜೂರಾತಿ ಆದೇಶದಲ್ಲೇ ಇರಬೇಕು.