ಡಾಟ್ ಇನ್ ಹೆಸರು ಹಿಡಿದಿಟ್ರೆ ದುಡ್ಡಾಗ್ತದಾ? ಪರ-ವಿರೋಧ

ಪ್ರಶ್ನೆ ಇಷ್ಟೇ: ಕೈಯಲ್ಲಿ ಉಳಿದ ದುಡ್ಡನ್ನ ಡಾಟ್ ಇನ್ ಡೊಮೇನ್‌ಗಳ ಮೇಲೆ, ಅಂದ್ರೆ ಕೊನೆಗೆ ಭಾರತದ ಗುರುತು .in ಇರೋ ವೆಬ್‌ಸೈಟ್ ಹೆಸರುಗಳ ಮೇಲೆ ಹಾಕಿ, ಮುಂದೆ ರೇಟ್ ಬಂದಾಗ ಮಾರೋದು ಬುದ್ಧಿವಂತಿಕೆನಾ? ಪರವಾಗಿ ಬರೆದವರು ಅಂಧೇರಿಯಲ್ಲಿ ವೆಬ್‌ಸೈಟ್ ಮಾಡಿಕೊಡೋ ಉಡುಪಿ ಕಡೆಯ ಹುಡುಗ. ವಿರೋಧ ಬರೆದವರು ಡೊಂಬಿವಲಿಯಲ್ಲಿ ಕೂತು ಹೋಟೆಲಿನವರ ಲೆಕ್ಕ ನೋಡೋ ಧಾರವಾಡದ ಅಕ್ಕ.

ಪರ: ತಗೊಂಡಿಡಿ, ಇನ್ನೂ ಹೊತ್ತಾಗಿಲ್ಲ

ಎಫ್‌ಡಿ ಮಾಡು, ಎಸ್‌ಐಪಿ ಹಾಕು, ಬದ್ಲಾಪುರದಲ್ಲಿ ಒಂದು ಒನ್ ಆರ್‌ಕೆ ಬುಕ್ ಮಾಡು. ಮುಂಬೈಯ ನಮ್ಮವರ ಬಾಯಲ್ಲಿ ಬರೋದು ಇಷ್ಟೇ. ಡೊಮೇನ್ ಅಂದ ಕೂಡ್ಲೇ "ಅದೆಂತ ಮಾರಾಯ, ಕಣ್ಣಿಗೆ ಕಾಣದ ಮಾಲು" ಅಂತ ನಗಾಡ್ತಾರೆ. ನಗಾಡ್ಲಿ, ಅಡ್ಡಿಲ್ಲ. ನಾನು ಹೋಟೆಲು, ಕ್ಯಾಟರಿಂಗು, ಟ್ಯೂಷನ್ ಕ್ಲಾಸು ಅಂತ ಸಣ್ಣ ಸಣ್ಣವರಿಗೆ ಸೈಟ್ ಮಾಡಿಕೊಡುವವ, ಒಂದು ನೆಟ್ಟಗಿನ ಹೆಸರು ಸಿಗ್ಲಿಕ್ಕೆ ಜನ ಎಷ್ಟು ಒದ್ದಾಡ್ತಾರೆ ಅಂತ ದಿನಾ ನೋಡ್ತೇನೆ. ಡಾಟ್ ಕಾಮ್‌ನಲ್ಲಿ 15 ಕೋಟಿಗಿಂತ ಜಾಸ್ತಿ ಹೆಸರು ಆಗಿಹೋಗಿದೆ, ಚಿಕ್ಕದು ಚೊಕ್ಕದು ಯಾವುದೂ ಉಳಿದಿಲ್ಲ. ಉಳಿದದ್ದು ಡಾಟ್ ಇನ್.

ಈ ಡಾಟ್ ಇನ್‌ಗೂ ಮುಂಬೈಗೂ ಹಳೇ ನಂಟು ಉಂಟು, ತುಂಬ ಜನಕ್ಕೆ ಗೊತ್ತಿಲ್ಲ. 1989ರಲ್ಲಿ ಭಾರತಕ್ಕೆ ಇದು ಸಿಕ್ಕಿದ ಮೇಲೆ ತುಂಬ ವರ್ಷ ಇದನ್ನ ನೋಡ್ಕೊಂಡದ್ದು ನಮ್ಮ ಜುಹುವಿನ ಎನ್‌ಸಿಎಸ್‌ಟಿ, ಅಂದ್ರೆ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ. ಆಗ ನಿಯಮ ಬಿಗಿ ಇತ್ತು, ಹೆಸರು ತಗೊಂಡವರು ಕೆಲವೇ ಸಾವಿರ. 2005ರಲ್ಲಿ ನಿಕ್ಸಿ, ಅಂದ್ರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಕೈಗೆ ಬಂದು ಯಾರು ಬೇಕಾದ್ರೂ ತಗೊಳ್ಬಹುದು ಅಂತಾದ ಮೇಲೆ ಏರ್ತಾ ಏರ್ತಾ ಈಗ 30 ಲಕ್ಷ ದಾಟಿದೆ. ದೊಡ್ಡ ಸಂಖ್ಯೆ ಅಂತ ಕಾಣ್ತದಲ್ವಾ? ಜರ್ಮನಿ ನೋಡಿ, ಎಂಟು ಕೋಟಿ ಚಿಲ್ಲರೆ ಜನ, ಅವರ ಡಾಟ್ ಡಿಇ ಹೆಸರು 1.7 ಕೋಟಿ. ನಾವು 140 ಕೋಟಿ ಜನ. ಈ ಗ್ಯಾಪ್ ಹೀಗೇ ಇರ್ತದೆ ಅಂತ ನನಗಂತೂ ಅನ್ನಿಸೋದಿಲ್ಲ.

ಮತ್ತೆ ಸರ್ಕಾರವೇ ಇದಕ್ಕೆ ಬೆನ್ನು ಕೊಡ್ತಾ ಉಂಟು. 2025ರಲ್ಲಿ ಆರ್‌ಬಿಐ ಹೇಳಿತು, ಬ್ಯಾಂಕುಗಳೆಲ್ಲ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬರ್ಬೇಕು ಅಂತ, ಮೋಸದ ಸೈಟುಗಳಿಂದ ಜನ ಬಚಾವಾಗ್ಲಿ ಅಂತ. ಅಂದ್ರೆ ನಾಳೆ ಹಳ್ಳಿಯ ಅಜ್ಜಿಗೂ "ಕೊನೆಗೆ ಇನ್ ಅಂತ ಇದ್ದರೆ ನಮ್ಮದು" ಅನ್ನೋದು ತಲೆಯಲ್ಲಿ ಕೂತ್ಕೊಳ್ತದೆ. ಆ ನಂಬಿಕೆಗೇ ಬೆಲೆ.

ದೇಶದ ಹೆಸರು ಯಾವಾಗ ಯಾರಿಗೆ ಬೇಕಾಗ್ತದೆ ಹೇಳ್ಲಿಕ್ಕೆ ಬರೋದಿಲ್ಲ ಮಾರಾಯ್ರೆ. ಕೆರಿಬಿಯನ್‌ನಲ್ಲಿ ಅಂಗ್ವಿಲಾ ಅಂತ ಒಂದು ತುಂಡು ದ್ವೀಪ, ನಮ್ಮ ಒಂದು ದೊಡ್ಡ ಹೌಸಿಂಗ್ ಕಾಂಪ್ಲೆಕ್ಸಿನಷ್ಟು ಜನ, ಅದರ ಪಾಲಿಗೆ ಬಂದದ್ದು ಡಾಟ್ ಎಐ. ಚಾಟ್‌ಜಿಪಿಟಿ ಗಾಳಿ ಬೀಸಿದ್ದೇ ತಡ, 2023ರಲ್ಲಿ ಹೆಸರು ಮಾರಿಯೇ 3.2 ಕೋಟಿ ಡಾಲರ್ ಹತ್ರ ಬಂತು, ಸರ್ಕಾರದ ಆದಾಯದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಅದಕ್ಕೆ ಮೊದಲೇ ಒಳ್ಳೊಳ್ಳೆ ಡಾಟ್ ಎಐ ಹೆಸರು ಹಿಡಿದು ಕೂತವರಿಗೆ ಎಂತ ನಷ್ಟ ಆಯ್ತು ಹೇಳಿ?

ನಮಗೆ ಇನ್ನೊಂದು ಅನುಕೂಲ ಉಂಟು, ಅದು ಕ್ಯಾಲಿಫೋರ್ನಿಯಾದಲ್ಲಿ ಕೂತವನಿಗೆ ಇಲ್ಲ. ಊರ ಭಾಷೆ, ಊರ ಸುದ್ದಿ. 2014ರ ನವೆಂಬರ್ 1ಕ್ಕೆ ಬೆಳಗಾಂ ಬೆಳಗಾವಿ ಆಯ್ತು, ಹುಬ್ಳಿ ಹುಬ್ಬಳ್ಳಿ ಆಯ್ತು, ಮೈಸೂರು ಮಂಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯ್ತು, ಒಟ್ಟು 12 ಊರು. ಇದರ ಮಾತು ವರ್ಷಗಟ್ಟಲೆ ಮೊದಲೇ ಕನ್ನಡ ಪೇಪರಿನಲ್ಲಿ ಬರ್ತಾ ಇತ್ತು. ಓದಿದವ ಆವಾಗಲೇ ಹೊಸ ಸ್ಪೆಲ್ಲಿಂಗಿನಲ್ಲಿ ಊರು ಪ್ಲಸ್ ಕೆಲಸ, ಅಂದ್ರೆ ಊರಿನ ಹೆಸರಿನ ಜೊತೆ ಟ್ಯಾಕ್ಸಿ, ರೂಮ್ಸ್, ಪ್ರಾಪರ್ಟಿ ಅಂತ ಸೇರಿಸಿ ಇಟ್ಕೊಳ್ಬಹುದಿತ್ತು. ಹಾಗೇ ಯಾವ ಮೆಟ್ರೋ ಲೈನ್ ಎಲ್ಲಿ ನಿಲ್ತದೆ, ನವಿ ಮುಂಬೈ ಏರ್‌ಪೋರ್ಟ್ ಸುತ್ತ ಯಾವ ಏರಿಯಾ ಎದ್ದೇಳ್ತದೆ, ಇದೆಲ್ಲ ಲೋಕಲ್ ಟ್ರೈನಿನಲ್ಲಿ ನೇತಾಡಿ ಹೋಗುವ ನಮಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗೋದಿಲ್ಲ.

ಹೆಸರಿಗೆ ಬೆಲೆ ಇಲ್ಲ ಅನ್ನುವವರಿಗೆ ಒಂದು ಬೋರ್ಡ್ ತೋರಿಸ್ಬೇಕು. ಮಾಟುಂಗಾದಲ್ಲಿ ಒಬ್ಬ ಕ್ಯಾಟರಿಂಗಿನವರದ್ದು, ಹಳದಿ ಮೇಲೆ ಕೆಂಪು ಅಕ್ಷರ, ಮೇಲೆ ಗಣಪತಿ, ಕೆಳಗೆ ಎರಡು ಲ್ಯಾಂಡ್‌ಲೈನ್ ನಂಬರು, ಅದರ ಕೆಳಗೆ ವೆಬ್‌ಸೈಟ್ ವಿಳಾಸ. ಫೋನಿನಲ್ಲಿ ಆ ವಿಳಾಸ ಹೊಡೆದ್ರೆ ಬರೋದು ರಮ್ಮಿ ಆಟದ ಜಾಹೀರಾತು! ರಿನ್ಯೂ ಮಾಡ್ಲಿಕ್ಕೆ ಮರೆತಿದ್ದಾರೆ, ಗ್ರೇಸ್ ಪೀರಿಯಡ್ ಕಳೆದಿದೆ, ರಿಡೆಂಪ್ಷನ್ ಅಂತ ಹೆಸರು ವಾಪಸ್ ಬಿಡಿಸಿಕೊಳ್ಳುವ ಕೊನೇ ಅವಕಾಶ ಇನ್ನೂ 30 ದಿನ ಇರ್ತದೆ ಅದೂ ಕಳೆದಿದೆ, ಹೆಸರು ಡ್ರಾಪ್ ಆಗಿ ಯಾರು ಬೇಕಾದ್ರೂ ತಗೊಳ್ಳುವ ಹಾಗೆ ಆದ ಕೂಡ್ಲೇ ಯಾರೋ ಸಾಫ್ಟ್‌ವೇರ್ ಇಟ್ಟು ಹಿಡ್ಕೊಂಡಿದ್ದಾರೆ. ಬೆಲೆ ಇಲ್ಲದ್ದನ್ನ ಯಾರಾದ್ರೂ ಹಾಗೆ ಕಾದು ಕೂತು ಹಿಡೀತಾರಾ?

ಖರ್ಚು ಎಷ್ಟು, ವರ್ಷಕ್ಕೆ ಒಂದು ಹೆಸರಿಗೆ ಸುಮಾರು ಏಳ್ನೂರು ಎಂಟ್ನೂರು ರೂಪಾಯಿ, ನಾಲ್ಕು ಜನ ಹೋಟೆಲಿಗೆ ಹೋದ್ರೆ ಅದಕ್ಕಿಂತ ಜಾಸ್ತಿ ಬಿಲ್ಲಾಗ್ತದೆ. ದೊಡ್ಡ ಕಂಪನಿಗಳ ಹೆಸರಿಗೆ ಮಾತ್ರ ಕೈ ಹಾಕ್ಬೇಡಿ, ಅದು ಬೇರೆಯೇ ತಲೆನೋವು, ಅಕ್ಕ ಹೇಗೂ ಅದನ್ನೇ ಹಿಡಿದು ಜಗ್ಗಾಡ್ತಾರೆ. ಸಾಮಾನ್ಯ ಪದ, ಊರ ಹೆಸರು, ಬೆಳೀತಾ ಇರೋ ಕೆಲಸದ ಹೆಸರು, ಇಂಥದ್ದು ನಾಲ್ಕೈದು ಸಾಕು. ಹತ್ತು ವರ್ಷದವರೆಗೆ ಒಟ್ಟಿಗೆ ಕಟ್ಲಿಕ್ಕೂ ಆಗ್ತದೆ, ಕಟ್ಟಿ ಮರ್ತುಬಿಡಿ.

ವಿರೋಧ: ಕಟ್ಟಿ ಮರಿಯೋದಲ್ಲ ತಮ್ಮಾ

ತಮ್ಮಾ, ಜಗ್ಗಾಡೋದು ಆಮ್ಯಾಲ, ಮೊದಲ ಒಂದು ಮಾತು. ನೀ "ತಗೊಂಡಿಡಿ" ಅಂತ ಬರದೀಯಲ್ಲ, ತಗೊಳ್ಳೋದು ಎಲ್ಲದ ಇದರಾಗ? ಡೊಮೇನ್ ಯಾರೂ ಖರೀದಿ ಮಾಡಂಗಿಲ್ಲ, ಬಾಡಿಗಿ ಹಿಡೀತಾರ. ಮುಂಬೈಯವರಿಗೆ ತಿಳಿಯೋಹಂಗ ಹೇಳ್ಬೇಕಂದ್ರ ಇದು ಪಗಡಿ ಮನಿಯಷ್ಟೂ, ಅಂದ್ರ ಮೊದಲ ದೊಡ್ಡ ರೊಕ್ಕ ಕೊಟ್ಟು ಆಮ್ಯಾಲ ಸಣ್ಣ ಬಾಡಿಗಿಗೆ ಇರೋ ಹಳೇ ಮನಿಯಷ್ಟೂ ಗಟ್ಟಿ ಅಲ್ಲ. ಗಿರಗಾಂವದಾಗ ಪಗಡಿ ಖೋಲಿ ಹಿಡಕೊಂಡು ಕೂತವಗ 1999ರ ಬಾಡಿಗಿ ಕಾಯ್ದೆ ಅದ, ಮಾಲಕ ಸುಮ್ನ ಎಬ್ಬಿಸಲಿಕ್ಕೆ ಬರಂಗಿಲ್ಲ. ಇಲ್ಲೆ ಒಂದು ರಿನ್ಯೂವಲ್ ತಪ್ಪಿತಂದ್ರ ನಿನ್ನ ಸಾಮಾನು ಹೊರಗ, ಆ ಕ್ಯಾಟರಿಂಗಿನವರ ಬೋರ್ಡ್ ನೀನ ತೋರಿಸೀದಿ. ನಿನಗ ಅದರಾಗ ಬೆಲೆ ಕಾಣಸ್ತು, ನನಗ ಕಾಣಿಸಿದ್ದು ಹತ್ತು ವರ್ಷ ರೊಕ್ಕ ಕಟ್ಟಿ ಕಡೀಕ ಕೈಯಾಗ ಏನೂ ಉಳೀಲಿಲ್ಲ ಅನ್ನೋದು.

ಮಾಲಕ ಯಾರು ಅಂದ್ರ ಒಂದು ದೇಶ, ಅದರ ಸರ್ಕಾರ. ಡಾಟ್ ಕಾಮ್‌ಗಿಂತ ಇದು ಬ್ಯಾರೆ ಆಗೋದು ಇಲ್ಲೇ ನೋಡು. ಚೀನಾದಾಗ 2009ರ ಡಿಸೆಂಬರ್‌ನಾಗ ಒಮ್ಮಿಂದೊಮ್ಮೆ ಹೇಳಿಬಿಟ್ರು, ಖಾಸಗಿ ಮಂದಿಗೆ ಡಾಟ್ ಸಿಎನ್ ಹೊಸಾ ಹೆಸರು ಕೊಡಂಗಿಲ್ಲ, ಕಂಪನಿ ಇದ್ದವರಿಗಷ್ಟ ಅಂತ. ಮತ್ತ ಬಾಗಲಾ ತಗದದ್ದು 2012ಕ್ಕ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟು ಹೊರಗ ಬಂತು, ಅಲ್ಲಿ ಮಂದಿ ಕಡೆ ಇದ್ದ ಡಾಟ್ ಇಯು ಹೆಸರು ಸಾವಿರಗಟ್ಟಲೆ 2021ರ ಜನವರಿಗೆ ಬಂದಾದ್ವು, ರೊಕ್ಕ ಕಟ್ಟಿದ್ರೂ. ಯುಗೋಸ್ಲಾವಿಯಾ ಅನ್ನೋ ದೇಶಾನ ಹೋತು, 2010ಕ್ಕ ಅದರ ಡಾಟ್ ವೈಯು ಪೂರಾ ತಗದುಹಾಕಿದ್ರು. ಸ್ಟಾರ್ಟಪ್‌ನವರು ಮುಗಿಬಿದ್ದು ತಗೊಂಡ ಡಾಟ್ ಐಓ ಐತಲ್ಲ, ಅದು ಹಿಂದೂ ಮಹಾಸಾಗರದಾಗ ಬ್ರಿಟನ್ ಕೈಯಾಗಿನ ಚಾಗೋಸ್ ದ್ವೀಪಗಳ ಪಾಲಿನ ಹೆಸರು, ಆ ದ್ವೀಪಗಳನ್ನ ಮಾರಿಷಸ್‌ಗೆ ಕೊಡೋ ಒಪ್ಪಂದ ಬ್ರಿಟನ್ 2025ರಾಗ ಸಹಿ ಮಾಡ್ಯದ. ನಮ್ಮ ದೇಶ ಎಲ್ಲೂ ಹೋಗಂಗಿಲ್ಲ ಅನ್ರಿ, ಆದ್ರ ನಿಯಮ ಬದಲಾಗೋದಕ್ಕ ದೇಶ ಹೋಗ್ಬೇಕಂತೇನಿಲ್ಲ.

ನೀ ಹೇಳಿದ ಬ್ಯಾಂಕಿನ ಉದಾಹರಣೀನ ತಗೋ. ಯಾವನೋ ನಿನ್ನಂಥವ ಬ್ಯಾಂಕ್ ಅನ್ನೋ ಪದ ಸೇರಿಸಿ ಚಂದ ಚಂದ ಡಾಟ್ ಇನ್ ಹೆಸರು ಗುಡ್ಡಿಹಾಕಿದ್ದ ಅಂತ ತಿಳಕೋ. ಆರ್‌ಬಿಐ ಒಂದು ಸರ್ಕ್ಯುಲರ್ ಹೊಡೀತು, ಬ್ಯಾಂಕುಗಳಿಗೆ ಬ್ಯಾರೇನ ಗೂಡು, ಅಲ್ಲಿ ಹೆಸರು ಕೊಡೋದು ಆರ್‌ಬಿಐನ ಬ್ಯಾಂಕಿಂಗ್ ತಂತ್ರಜ್ಞಾನದ ಸಂಸ್ಥೆ, ಹೈದರಾಬಾದಿನ ಐಡಿಆರ್‌ಬಿಟಿ ಒಂದ, ಹೊರಗಿನವರಿಗೆ ಪ್ರವೇಶಾನ ಇಲ್ಲ. ಇನ್ನ ಇವನ ಹೆಸರು ಯಾವ ಬ್ಯಾಂಕ್ ಕೇಳ್ತದ? ಸರ್ಕಾರ ಬೆನ್ನು ಕೊಟ್ಟದ್ದು ಡಾಟ್ ಇನ್‌ಗೆ, ಹಿಡಕೊಂಡು ಕೂತವರಿಗಲ್ಲ.

ಜರ್ಮನಿ ಲೆಕ್ಕ ಓದಿ ನಕ್ಕೆ. ಅಲ್ಲೆ ಬೇಕರಿಯವ, ಪ್ಲಂಬರ್, ಫುಟ್ಬಾಲ್ ಕ್ಲಬ್ಬು, ಎಲ್ಲಾರೂ ತಂತಮ್ಮ ಸೈಟ್ ಇಟ್ಟಾರ. ನಮ್ಮ ಕಡೆ ಹೊಸಾ ಹೋಟೆಲ್ ತಗದವ ಮೊದಲ ಏನ್ ಮಾಡ್ತಾನ, ಗೂಗಲ್ ಮ್ಯಾಪಿಗೆ ಹಾಕ್ತಾನ, ಝೊಮ್ಯಾಟೊ ಸ್ವಿಗ್ಗಿಗೆ ಸೇರ್ತಾನ, ಇನ್‌ಸ್ಟಾಗ್ರಾಮ್‌ನಾಗ ದೋಸೆ ರೀಲ್ ಹಾಕ್ತಾನ, ಆರ್ಡರ್ ವಾಟ್ಸಾಪ್‌ನಾಗ ತಗೋತಾನ. ಮುಗೀತು. ಅವಗ ನೀ ಏಳ್ನೂರು ರೂಪಾಯಿ ಹೆಸರನ್ನ ನಲವತ್ತು ಸಾವಿರಕ್ಕ ಕೊಡ್ತೀನಿ ಅಂದ್ರ "ಹಿಂದ ಒಂದು ಎಚ್ ಸೇರಿಸಿ ಹೊಸದು ಮಾಡಿಕೊಡಪಾ" ಅಂತಾನ, ಮಾಡೋದೂ ಹಂಗ. ಇಂಗ್ಲಿಷ್ ಅಕ್ಷರದಾಗ ನಮ್ಮ ಹೆಸರಿಗೆ ಒಂದು ಸ್ಪೆಲ್ಲಿಂಗ್ ಅಂತ ಎಲ್ಲದ? ಬೆಳಗಾವಿ ಆಗಿ ಹತ್ತು ವರ್ಷದ ಮ್ಯಾಲಾತು, ಇಲ್ಲಿ ಮಂದಿ ಟ್ರೇನ್ ಟಿಕೀಟ್ ಹುಡುಕಬೇಕಾದ್ರ ಇನ್ನೂ ಬೆಳಗಾಂ ಅಂತನ ಒತ್ತತಾರ. ಕನ್ನಡ ಲಿಪಿಯೊಳಗನ ಡಾಟ್ ಭಾರತ ಅದ ಅಂತೀ ಏನೋ. ಅದ ಖರೆ, ನನಗೂ ಅಭಿಮಾನ ಅದ, ಆದ್ರ ಆ ವಿಳಾಸ ಕಾಪಿ ಮಾಡಿ ಎಷ್ಟೋ ಕಡೆ ಪೇಸ್ಟ್ ಮಾಡಿದ್ರ ಎಕ್ಸ್ ಎನ್ ಅಂತ ಶುರುವಾಗೋ ಹಾಳಮೂಳ ಅಕ್ಷರ ಬರ್ತಾವ, ಅದರ ಈಮೇಲ್ ಐಡಿ ಹಾಕಿದ್ರ ಫಾರ್ಮುಗಳು ತಗೊಳ್ಳಂಗಿಲ್ಲ. ಮಾರಾಟಕ್ಕಂತೂ ದೂರ.

ಈಗ ಜಗ್ಗಾಡೋ ವಿಷಯ. 2004ರಾಗ ಸತ್ಯಂ ಇನ್ಫೋವೇ ಕೇಸಿನೊಳಗ ಸುಪ್ರೀಂ ಕೋರ್ಟ್ ಹೇಳಿತು, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಗ ರಕ್ಷಣೆ ಅದ ಅಂತ. ಡಾಟ್ ಇನ್‌ಗೆ ಅದರ ಮ್ಯಾಲ ಐಎನ್‌ಡಿಆರ್‌ಪಿ ಅನ್ನೋ, ಹೆಸರಿನ ಜಗಳ ಬಗೆಹರಿಸೋ ಪಾಲಿಸಿನ ಅದ, ಹೆಸರಿನ ಹಕ್ಕುದಾರ ದೂರು ಕೊಟ್ರ ಆರ್ಬಿಟ್ರೇಟರ್, ಅಂದ್ರ ಮಧ್ಯಸ್ಥರು ಕೂಡ್ತಾರ, ಹೆಸರು ತಗೊಂಡದ್ದು ಜಾಸ್ತಿ ರೇಟಿಗೆ ಆ ಹಕ್ಕುದಾರಗ ಮಾರಲಿಕ್ಕಂತನ ಅಂತ ಕಂಡ್ರ ಅದನ್ನ ದುರುದ್ದೇಶ ಅಂತ ಹಿಡೀತಾರ, ಹೆಸರು ಕಿತ್ತು ಅವರಿಗೆ ಕೊಡ್ತಾರ. ನಿನಗ ಪರಿಹಾರ ಇಲ್ಲ ಏನಿಲ್ಲ. "ದೊಡ್ಡ ಕಂಪನಿ ಹೆಸರು ಮುಟ್ಟಬ್ಯಾಡ್ರಿ" ಅಂದ್ರ ಸಾಲಂಗಿಲ್ಲ, ಇವತ್ತು ಸಾಮಾನ್ಯ ಪದ ಅಂತ ನೀ ತಗೊಂಡದ್ದು ಯಾವ ಸಣ್ಣ ಉಪ್ಪಿನಕಾಯಿ ಬ್ರ್ಯಾಂಡಿನ ನೋಂದಾಯಿಸಿದ ಹೆಸರೋ ಯಾರಿಗೊತ್ತು. ಜಿಯೋ ಮತ್ತ ಹಾಟ್‌ಸ್ಟಾರ್ ಕೂಡ್ತಾವ ಅಂತ ಮೊದಲ ಊಹಿಸಿ ದಿಲ್ಲಿಯ ಹುಡುಗ ಒಬ್ಬಾಂವ ಎರಡೂ ಕೂಡಿದ ಡಾಟ್ ಕಾಮ್ ಹೆಸರು ತಗೊಂಡು, 2024ರಾಗ ಕೇಂಬ್ರಿಡ್ಜಿನ ಓದಿನ ಖರ್ಚು ಕೊಡ್ರಿ ಅಂತ ಕೇಳಿದ್ನಲ್ಲ, ಊಹೆ ಅಗದೀ ಬರೋಬ್ಬರಿ ಇತ್ತು. ಕಂಪನಿಯವರು ಕೇಂಬ್ರಿಡ್ಜಿಗೆ ಕಳಸ್ಲಿಲ್ಲ, ಕಾನೂನು ಕ್ರಮದ ಮಾತಾಡಿದ್ರು.

ನನ್ನ ಕೆಲಸ ಲೆಕ್ಕದ್ದು, ಅಲ್ಲೇ ಇದರ ಬಣ್ಣ ಕಾಣ್ತದ. ಇಂಥಾ ಶೋಕಿ ಇದ್ದ ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ್ದೆ, ಪುಟದ ತುಂಬ ಒಂದರ ಕೆಳಗ ಒಂದು ಆಟೋ ಡೆಬಿಟ್ಟು, 826, 826, 944, ಮತ್ತ 826, ಮ್ಯಾಲ ಮ್ಯಾಲ ಚಿಲ್ಲರೆ ಅನಸ್ತಾವ, ಕೂಡಿಸಿದ್ರ ಮಗಳ ಕ್ಲಾಸಿನ ಫೀ. ಐವತ್ತು ಹೆಸರು ಅಂತ ಹಿಡಿ, ಏಳ್ನೂರರಂಗ ಮೂವತ್ತೈದು ಸಾವಿರ, 18 ಪರ್ಸೆಂಟ್ ಜಿಎಸ್‌ಟಿ ಸೇರಿ ನಲವತ್ತೊಂದು ಸಾವಿರದ ಮುನ್ನೂರು, ವರ್ಷಾ ವರ್ಷಾ. ನೂರು ಹೆಸರಿನಾಗ ವರ್ಷಕ್ಕ ಒಂದೋ ಎರಡೋ ಮಾರಿಹೋದ್ರ ಅದ ದೊಡ್ಡದು ಅಂತ ಈ ಧಂದೆಯವರ ಹೇಳ್ತಾರ. ಅಂದ್ರ ಐವತ್ತರಾಗ ವರ್ಷಕ್ಕ ಒಂದು ಮಾರತು ಅಂತ ತಿಳದ್ರೂ ಆ ಒಂದರ ಮ್ಯಾಲ ನಲವತ್ತೊಂದು ಸಾವಿರದ ಮುನ್ನೂರು ಬಂದ್ರ ಬರೇ ಅಸಲು. ಅಂಗ್ವಿಲಾ ಸರ್ಕಾರ ಶ್ರೀಮಂತ ಆತು ಅಂತೀ, ಆಗೇ ಆಗ್ತದ, ಬಾಡಿಗಿ ವಸೂಲಿ ಮಾಡಾಂವ ಅದು. ಮೊದಲನೇ ವರ್ಷ ತೊಂಬತ್ತೊಂಬತ್ತು ರೂಪಾಯಿ ಅಂತ ಆಸೆ ತೋರಸ್ತಾರ, ಎರಡನೇ ವರ್ಷದ ರೇಟ್ ಸಣ್ಣ ಅಕ್ಷರದಾಗ ಇರ್ತದ, ಅದನ್ನ ಯಾರೂ ಓದಂಗಿಲ್ಲ.

ಸ್ವಂತ ಅಂಗಡಿ ಇದ್ದವರು ಸ್ವಂತ ಹೆಸರಿಂದು ಒಂದು ತಗೊಳ್ರಿ, ಐದು ವರ್ಷಕ್ಕ ಒಮ್ಮೆಲೆ ಕಟ್ರಿ, ಅದಕ್ಕ ನನ್ನ ತಕರಾರಿಲ್ಲ. ಅದು ಇನ್ವೆಸ್ಟ್‌ಮೆಂಟ್ ಅಲ್ಲ, ಬೋರ್ಡಿನ ಖರ್ಚು. ಆದ್ರ ಅದನ್ನ ಸೈಟ್ ಮಾಡಿಕೊಟ್ಟವನ ಅಕೌಂಟಿನಾಗ ಇಡಬ್ಯಾಡ್ರಿ, ರಿಜಿಸ್ಟ್ರೆಂಟ್, ಅಂದ್ರ ಹೆಸರು ತಗೊಂಡವರು ಯಾರು ಅಂತ ಇರೋ ಕಡೆ ನಿಮ್ಮ ಹೆಸರು, ನಿಮ್ಮ ಮೊಬೈಲ್, ನಿಮ್ಮ ಈಮೇಲ್ ಇರ್ಬೇಕು, ಹುಡುಗ ಊರು ಬಿಟ್ಟ, ನಂಬರ್ ಬದಲಿ ಮಾಡಿದ ಅಂದ್ರ ಓಟಿಪಿ ಯಾರಿಗೆ ಬರ್ತದ? ತಮ್ಮಾ, ನಿನ್ನ ಅಕೌಂಟಿನಾಗೂ ಗಿರಾಕಿಗಳ ಹೆಸರು ಭಾಳ ಅವ ಅಂತ ಕೇಳೀನಿ. ಈ ದೀಪಾವಳಿಯೊಳಗ ಅವನ್ನೆಲ್ಲ ಅವರವರ ಹೆಸರಿಗೆ ಮಾಡಿಕೊಟ್ಟುಬಿಡು.