ಗ್ಯಾಲೆಯವರ ಮನೆ ಪಾತ್ರೆ

ನಮ್ಮ ಯಜಮಾನರಿಗೆ ಹಳೇ ಗಾಜಿನ ಹುಚ್ಚು. ಕುಡಿತ, ಇಸ್ಪೀಟು ಇಲ್ಲವಲ್ಲ ಅಂತ ನಮ್ಮಮ್ಮ ಸಮಾಧಾನ ಹೇಳುತ್ತಾರೆ. ಇಸ್ಪೀಟಾಗಿದ್ದರೆ ದಿನಾ ಧೂಳು ಒರೆಸುವ ಕೆಲಸವಾದರೂ ತಪ್ಪುತ್ತಿತ್ತು.

ಈ ಹವ್ಯಾಸದಲ್ಲಿ ಕೊಳ್ಳುವುದು ಸಣ್ಣ ಕೆಲಸ. ಕೊಂಡಿದ್ದು ಅಸಲಿಯೋ ನಕಲಿಯೋ ಅಂತ ನಿದ್ದೆಗೆಡುವುದೇ ದೊಡ್ಡದು. ಅದರಲ್ಲೂ ಎಮಿಲ್ ಗ್ಯಾಲೆ ಹೆಸರಿನ ಹೂದಾನಿಯಾದರೆ ಮುಗಿದೇ ಹೋಯಿತು. ಈತ ಫ್ರಾನ್ಸಿನ ನಾನ್ಸಿ ಊರಿನವನು. ಬೇರೆ ಬೇರೆ ಬಣ್ಣದ ಗಾಜನ್ನು ಪದರ ಪದರವಾಗಿ ಕೂಡಿಸಿ, ಮೇಲಿನ ಪದರವನ್ನು ಆಸಿಡ್‌ನಲ್ಲಿ ಕರಗಿಸಿ ಹೂವು, ಬಳ್ಳಿ ಮೂಡಿಸುತ್ತಿದ್ದ. 1904ರಲ್ಲಿ ತೀರಿಕೊಂಡ. ಆದರೆ ಅವನ ಕಾರ್ಖಾನೆ 1930ರ ದಶಕದವರೆಗೂ ಅವನ ಸಹಿ ಹಾಕುತ್ತಲೇ ಇತ್ತು. ಅವನು ಸತ್ತ ಮೇಲೆ ಕೆಲವು ವರ್ಷ ಸಹಿಯ ಪಕ್ಕ ಒಂದು ಪುಟ್ಟ ನಕ್ಷತ್ರ ಬೇರೆ. ಅಂದರೆ ಅಸಲಿ ಗ್ಯಾಲೆ ಅಂದಾಕ್ಷಣ ಅದನ್ನು ಗ್ಯಾಲೆ ಕಣ್ಣಲ್ಲಿ ನೋಡಿದ್ದ ಅಂತೇನಿಲ್ಲ!

ಇದು ಸಾಲದು ಅಂತ ರೊಮೇನಿಯಾದಲ್ಲೂ ಅದೇ ತರಹದ ಹೂದಾನಿ ತಯಾರಾಗುತ್ತವೆ. ಇದು ಮಾದರಿ ಮಾತ್ರ ಅಂತ ಗೊತ್ತಾಗಲಿ ಎಂದು ಸಹಿಯ ಪಕ್ಕ ‘ಟಿಪ್’ ಅಂತ ಗುರುತು ಹಾಕಿರುತ್ತಾರೆ. ನಾಲ್ಕು ಕೈ ದಾಟುವಷ್ಟರಲ್ಲಿ ಯಾರೋ ಆ ಟಿಪ್ಪನ್ನು ಉಜ್ಜಿ ತೆಗೆದಿರುತ್ತಾರೆ. ಸ್ವಲ್ಪ ಉಜ್ಜಿದರೆ ಸಾಕು, ಹೂದಾನಿಗೆ ನೂರು ವರ್ಷ ವಯಸ್ಸಾಗುತ್ತದೆ.

ಇಷ್ಟೆಲ್ಲ ಓದಿಕೊಂಡೇ ಇವರು ಒಂದನ್ನು ಮನೆಗೆ ತಂದರು. ನಮ್ಮತ್ತೆ ಅದನ್ನು ತಿರುಗಿಸಿ ನೋಡಿ, ಮೊಮ್ಮಗನ ಕೈಲಿ ಹೆಸರು ಓದಿಸಿದರು.

“ಯಾರೋ ಅದು ಗ್ಯಾಲೆ? ಅವರ ಮನೇದನ್ನ ನೀನ್ಯಾಕೆ ತಂದೆ?”

“ಅಮ್ಮ, ಮಾಡಿದವನ ಹೆಸರು ಅದು.”

“ಮಾಡಿದವನು ಯಾಕೋ ಹೆಸರು ಹಾಕ್ತಾನೆ? ಕೊಟ್ಟವರು ಹಾಕಿಸ್ತಾರೆ. ಯಾರದೋ ಮದುವೆ ಉಡುಗೊರೆ ಇದು. ಪಾಪ, ಹುಡುಕ್ತಾ ಇರ್ತಾರೆ.”

ಸ್ಟೀಲ್ ಪಾತ್ರೆಗಳ ಲೋಕದಲ್ಲಿ ಇದಕ್ಕೆ ಎದುರು ವಾದವೇ ಇಲ್ಲ.

ಕೆಲವು ದಿನ ಕಳೆದ ಮೇಲೆ ಇವರು ಭೂತಗನ್ನಡಿ ಹಿಡಿದು ಕೂತರು. ತಳದ ಗೀರುಗಳು ಅಡ್ಡಾದಿಡ್ಡಿ ಇದ್ದವು. ಅದು ಒಳ್ಳೇ ಲಕ್ಷಣ. ಮರಳು ಕಾಗದ ಹಾಕಿ ಹಳೇದು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇರುತ್ತವಂತೆ. ಆದರೆ ಸಹಿಯ ಪಕ್ಕ ಒಂದು ಮಸುಕು! ಯಾರೋ ಉಜ್ಜಿದ ಗುರುತು! ಇವರ ಮುಖ ನೋಡಲಾಗಲಿಲ್ಲ. ಬಿಸಿಬೇಳೆಬಾತ್ ಕೂಡ ಸೇರಲಿಲ್ಲ.

“ಅದಾ?” ಅಂದರು ಅತ್ತೆ. “ಹೆಸರು ಹೋಗುತ್ತಾ ಅಂತ ಪಾತ್ರೆ ಪುಡಿ ಹಾಕಿ ತಿಕ್ಕಿದೆ ಕಣೋ. ಹೋಗಲಿಲ್ಲ. ಗಟ್ಟಿ ಮಾಲು.”

ಆ ಮಸುಕು ರೊಮೇನಿಯಾದ್ದೋ ನಮ್ಮ ಬಚ್ಚಲಿನದ್ದೋ, ಇನ್ನು ಯಾವ ತಜ್ಞನೂ ಹೇಳಲಾರ.

ಅಲ್ಲಿಗೆ ಇವರ ಗಮನ ಯುರೇನಿಯಂ ಗಾಜಿನತ್ತ ತಿರುಗಿತು. ಹೌದು, ಅದೇ ಯುರೇನಿಯಂ. 19ನೇ ಶತಮಾನದಲ್ಲಿ ಬೊಹೀಮಿಯಾ (ಈಗಿನ ಝೆಕ್ ದೇಶದ ಭಾಗ) ಕಡೆ ಗಾಜಿಗೆ ಹಳದಿ, ಹಸಿರು ಬಣ್ಣ ಬರಲೆಂದು ಅದನ್ನು ಚೂರು ಬೆರೆಸುತ್ತಿದ್ದರು. ಖೋಟಾ ನೋಟು ಪತ್ತೆ ಮಾಡುವ ನೇರಳಾತೀತ ಟಾರ್ಚು ಬಿಟ್ಟರೆ ಅದು ಎಳೇ ಹಸಿರಾಗಿ ಹೊಳೆಯುತ್ತದೆ. ಈಗಲೂ ಅಂಥ ಗಾಜು ತಯಾರಾಗುತ್ತದೆ, ಹಾಗಾಗಿ ಹೊಳೆದರೆ ಯುರೇನಿಯಂ ಇದೆ ಅಂತಷ್ಟೇ, ಹಳೇದು ಅಂತಲ್ಲ. ಈ ವಿವರ ಟಾರ್ಚು ಕೊಂಡ ಮೇಲೆ ತಿಳಿಯಿತು.

ಟಾರ್ಚು ಮನೆಗೆ ಬಂದ ಮೇಲೆ ಸುಮ್ನೆ ಇಡೋಕಾಗುತ್ತಾ? ರಾತ್ರಿಯಾದರೆ ದೀಪ ಆರಿಸಿ ಮನೆಯೆಲ್ಲ ತಪಾಸಣೆ. ಗಾಜಿನ ಬೀರು ಪೂರ್ತಿ ಕತ್ತಲು. ಬಟ್ಟೆ ಸೋಪಿನ ದಯೆಯಿಂದ ಪಂಚೆ ಝಗ್ ಅಂತ ನೀಲಿ. ಅರಿಶಿನ ಹಚ್ಚಿದ ಹೊಸ್ತಿಲು, ನನ್ನ ಮಾಂಗಲ್ಯದ ದಾರ ಎರಡೂ ಹಳದಿಹಸಿರಾಗಿ ಮಿನುಗಿದವು. ಅರಿಶಿನದ ಗುಣವೇ ಅದು. ಇಡೀ ಮನೆಯಲ್ಲಿ ಪರೀಕ್ಷೆ ಪಾಸಾದ ಪುರಾತನ ವಸ್ತು ನಾನೇ.

ಮೊನ್ನೆ ಸೋದರಮಾವ ದಂಪತಿ ಊಟಕ್ಕೆ ಬಂದಿದ್ದಾಗ ಕರೆಂಟು ಹೋಯಿತು. ಇವರ ಕೈಗೆ ಸಿಕ್ಕಿದ್ದು ಅದೇ ಟಾರ್ಚು. ಮಾವ ಏನೋ ಜೋಕು ಹೇಳಿ ನಗುತ್ತಿದ್ದರು. ನಿಜವಾದ ಹಲ್ಲು ಆ ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ, ಕಟ್ಟಿಸಿದ್ದು ಕೆಲವು ಸಲ ಕಪ್ಪಾಗಿ ಕಾಣುತ್ತದೆ. ಮಾವನ ಮುಂದಿನ ಎರಡು ಜಾಗ ಖಾಲಿ!

“ಮಾವ, ಎರಡು ಡೂಪ್ಲಿಕೇಟು!” ಅಂತ ಇವರು ಸಂಭ್ರಮದಿಂದ ಕೂಗಿದರು.

ಮಾವನ ಹೆಂಡತಿ ತಟ್ಟೆಯಿಂದ ತಲೆಯೆತ್ತಿದರು. “ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಇನ್ನೂ ಏನೇನಿದೆಯೋ, ಪೂರ್ತಿ ಬಿಟ್ಟು ನೋಡಪ್ಪ.”