ಹೆಂಡದಂಗಡಿಯವಳೂ ಹಮ್ಮುರಬಿಯ ತಕ್ಕಡಿಯೂ

ಶನಿವಾರ ಸಂಜೆಯಾದರೆ ನಮ್ಮ ಭಾವನವರಿಗೆ ಇತಿಹಾಸದ ಮೇಲೆ ಪ್ರೀತಿ ಉಕ್ಕುತ್ತದೆ. ಒಂದು ಕೈಯಲ್ಲಿ ಬಿಯರ್ ಗ್ಲಾಸು, ಇನ್ನೊಂದರಲ್ಲಿ ಫೋನು. ಮನೆಯವರ ವಾಟ್ಸಾಪ್ ಗ್ರೂಪಿಗೆ ಏನಾದರೊಂದು ಬಂದು ಬೀಳುತ್ತದೆ. ಕಳೆದ ವಾರದ್ದು ಇದು: "ಪ್ರಾಚೀನ ಬ್ಯಾಬಿಲೋನಿನಲ್ಲಿ ಬಿಯರಿಗೆ ನೀರು ಬೆರೆಸಿದವನನ್ನು ಅದೇ ಬಿಯರಿನ ಪೀಪಾಯಿಯಲ್ಲಿ ಮುಳುಗಿಸಿ ಸಾಯಿಸುತ್ತಿದ್ದರು. ನಮ್ಮಲ್ಲೂ ಇಂಥ ಕಾನೂನು ಬರಬೇಕು!" ಕೆಳಗೆ ಸಾಲಾಗಿ ಹೆಬ್ಬೆರಳುಗಳು. ನಮ್ಮ ಚಿಕ್ಕಪ್ಪ ಕಾಫಿ ಬಿಟ್ಟು ಬೇರೇನೂ ಕುಡಿಯುವವರಲ್ಲ. ಅವರೂ ಕೈಮುಗಿದಿದ್ದರು.

ನನಗೆ ಸುಮ್ನಿರೋಕೆ ಬರಲ್ಲ. ಕಾನೂನನ್ನೇ ತೆಗೆದು ಓದಿದೆ. ಕ್ರಿ.ಪೂ. 1750ರ ಸುಮಾರಿಗೆ ಹಮ್ಮುರಬಿ ದೊರೆ ಕಲ್ಲಿನಲ್ಲಿ ಕೆತ್ತಿಸಿದ ಕಾನೂನು, ಇವತ್ತಿನ ಎಣಿಕೆಯಲ್ಲಿ 282 ಕಲಮು. ಅದರಲ್ಲಿ ಬಿಯರಿನ ಪೀಪಾಯಿ ಇಲ್ಲ. ನೀರು ಬೆರೆಸಿದ ಮಾತೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ "ಬೆರೆಸಿದವನು" ಇಲ್ಲವೇ ಇಲ್ಲ. ಇರುವುದು ಒಬ್ಬ ಹೆಂಗಸು. ಬ್ಯಾಬಿಲೋನಿನಲ್ಲಿ ಹೆಂಡದಂಗಡಿ ಇಟ್ಟುಕೊಂಡವರಲ್ಲಿ ಹೆಂಗಸರೇ ಜಾಸ್ತಿ. ಕಾನೂನು ಹುಡುಕಿಕೊಂಡು ಹೋಗಿದ್ದು ಅವರನ್ನೇ.

108ನೇ ಕಲಮು ಹೀಗಿದೆ. ಅಂಗಡಿಯವಳು ಬಿಯರಿನ ಬೆಲೆಗೆ ಧಾನ್ಯ ತಗೊಳ್ಳದೆ, ದೊಡ್ಡ ತೂಕದ ಕಲ್ಲಿಟ್ಟು ಬೆಳ್ಳಿಯೇ ಬೇಕೆಂದು ಹಟ ಹಿಡಿದು, ಧಾನ್ಯದ ಲೆಕ್ಕಕ್ಕೆ ಬಿಯರನ್ನು ಕಮ್ಮಿ ಕೊಟ್ಟರೆ, ತಪ್ಪು ಸಾಬೀತು ಮಾಡಿ ಅವಳನ್ನು ನೀರಿಗೆ ಎಸೆಯಬೇಕು. ಕಾರಣ ಕೆಟ್ಟದ್ದೇನಲ್ಲ. ಬಡವನ ಹತ್ತಿರ ಇರುವುದು ಬಾರ್ಲಿ, ಬೆಳ್ಳಿ ಎಲ್ಲಿಂದ ತರಬೇಕು? ನಮ್ಮಲ್ಲೂ ನೂರರ ನೋಟು ಕೊಟ್ಟರೆ "ಚಿಲ್ಲರೆ ಇಲ್ಲ, ಫೋನಲ್ಲಿ ಹಾಕಿ" ಅನ್ನುವ ಅಂಗಡಿಗಳಿವೆ. ಸಿಟ್ಟು ಬರುತ್ತದೆ, ನಿಜ. ಹಾಗಂತ ಯಾರೂ ಅಂಗಡಿಯವರನ್ನು ಕೆರೆಗೆ ನೂಕುವುದಿಲ್ಲ.

109 ಇನ್ನೂ ಚೆನ್ನಾಗಿದೆ. ಅಂಗಡಿಯಲ್ಲಿ ದುಷ್ಟರು ಗುಂಪು ಸೇರಿ ಸಂಚು ಮಾಡುತ್ತಿದ್ದರೆ, ಅಂಗಡಿಯವಳು ಅವರನ್ನು ಹಿಡಿದು ಅರಮನೆಗೆ ಕರೆತರಬೇಕು. ತರದಿದ್ದರೆ ಅವಳಿಗೇ ಮರಣ. ಸ್ವಲ್ಪ ಕಣ್ಣಿಗೆ ತಂದುಕೊಳ್ಳಿ. ಮೂಲೆಯಲ್ಲಿ ಆರು ಜನ ಗಟ್ಟಿಗರು. ನಡುವೆ ಒಂದು ಮಡಕೆ, ಅದರೊಳಗೆ ಆರು ಜೊಂಡಿನ ಕೊಳವೆ. ಆ ಕಾಲದ ಬಿಯರಿನ ಮೇಲೆ ಹೊಟ್ಟು ತೇಲುತ್ತಿತ್ತು, ಹಾಗಾಗಿ ಕೊಳವೆಯಲ್ಲೇ ಹೀರಬೇಕಿತ್ತು. ಆರೂ ತಲೆ ಮಡಕೆಯ ಮೇಲೆ ಬಗ್ಗಿ ಒಂದಕ್ಕೊಂದು ತಾಗುತ್ತಿವೆ. ಪಿಸುಪಿಸು ಮಾತು. ಅದು ರಾಜದ್ರೋಹವೋ, ಪಕ್ಕದ ಹೊಲದ ಬದುವಿನ ಜಗಳವೋ, ಅಂಗಡಿಯವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಾದರೂ, ಸೌಟು ಹಿಡಿದು "ಏಳ್ರಪ್ಪಾ, ಅರಮನೆಗೆ ಹೋಗಿ ಬರೋಣ" ಅಂದರೆ ಆರು ಜನವೂ ಎದ್ದು ಸಾಲಾಗಿ ಬರುತ್ತಾರಾ? ಸೈನ್ಯ ಇಟ್ಟುಕೊಂಡವನು ದೊರೆ. ಹಿಡಿಯುವ ಕೆಲಸ ಮಾತ್ರ ಇವಳದು.

110ನೆಯದು ದೇವಾಲಯಕ್ಕೆ ಒಪ್ಪಿಸಿದ ಹೆಂಗಸರದ್ದು. ಮಠದಂಥ ತಮ್ಮ ಆವರಣದ ಹೊರಗೆ ವಾಸವಿರುವ ಅಂಥವಳು ಹೆಂಡದಂಗಡಿ ತೆರೆದರೆ, ಇಲ್ಲವೇ ಬಿಯರಿಗಾಗಿ ಒಳಗೆ ಕಾಲಿಟ್ಟರೆ, ಸುಡಬೇಕು. 111ರಲ್ಲಿ ಮಾತ್ರ ಯಾರೂ ಸಾಯುವುದಿಲ್ಲ. ಒಂದು ದೊಡ್ಡ ಮಡಕೆ ಬಿಯರನ್ನು ಉದ್ರಿ ಕೊಟ್ಟರೆ ಸುಗ್ಗಿಯಲ್ಲಿ 50 ಸೇರು ಧಾನ್ಯ ತಗೊಳ್ಳಬೇಕು, ಅಷ್ಟೇ. (ನಾನು ಸೇರು ಅಂದೆ. ಅವರ ಅಳತೆಯ ಹೆಸರು 'ಸಿಲಾ', ಹೆಚ್ಚುಕಮ್ಮಿ ಒಂದು ಲೀಟರು.) ಅದೇ ಕಾನೂನಿನಲ್ಲಿ ಧಾನ್ಯ ಸಾಲ ಕೊಡುವ ವರ್ತಕ ಮೂರನೇ ಒಂದು ಭಾಗ ಬಡ್ಡಿ ವಸೂಲು ಮಾಡಬಹುದು. ಒಟ್ಟು ನಾಲ್ಕು ಕಲಮು, ಮೂರು ಸಾವು: ಒಂದು ನೀರಿನಲ್ಲಿ, ಒಂದು ಬೆಂಕಿಯಲ್ಲಿ, ಇನ್ನೊಂದು ಹೇಗೆಂದು ಹೇಳಿಲ್ಲ.

ಹಾಗಾದರೆ ಅರಮನೆಗೆ ಬಿಯರ್ ಕಂಡರೆ ಆಗುತ್ತಿರಲಿಲ್ಲ ಅಂದುಕೊಂಡಿರಾ? ಅಯ್ಯೋ! ಆ ನಾಡಿನಲ್ಲಿ ಬರವಣಿಗೆ ಬೆಳೆದಿದ್ದೇ ಇಂಥ ಲೆಕ್ಕ ಇಡಲು. ಐದು ಸಾವಿರ ವರ್ಷ ಹಿಂದಿನ ಒಂದು ಮಣ್ಣಿನ ಹಲಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ತುಂಬ ಚೂಪು ಬುಡದ ಮಡಕೆಗಳ ಚಿತ್ರ. ಕೆಲಸಗಾರರಿಗೆ ಹಂಚಿದ ಬಿಯರಿನ ಪಡಿಯ ಲೆಕ್ಕ ಅದು. ಉರುಕ್ ನಗರದ ಇನ್ನೊಂದು ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು ಎಂದು ಬರೆದು, ಕೊನೆಗೆ 'ಕುಶಿಮ್' ಎಂದಿದೆ. ಬಿಯರ್ ಮಾಡಲು ಬೇಕಾದ ದಾಸ್ತಾನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಬರಹದಲ್ಲಿ ಸಿಗುವ ಜಗತ್ತಿನ ಮೊದಲ ಹೆಸರು ಇದೇ ಇರಬಹುದು ಎನ್ನುತ್ತಾರೆ. ಅಂದರೆ ಮನುಷ್ಯಕುಲ ಮೊದಲು ಬರೆದಿಟ್ಟ ಹೆಸರು ರಾಜನದ್ದಲ್ಲ, ಕವಿಯದ್ದಲ್ಲ, ಒಬ್ಬ ಸ್ಟೋರ್‌ ಕೀಪರಿನದ್ದು!

ಈಜಿಪ್ಟಿನಲ್ಲೂ ಇದೇ ವೈಭವ. ಅಬೈಡೋಸಿನಲ್ಲಿ ನಾರ್ಮರ್ ದೊರೆಯ ಕಾಲದ, ಕ್ರಿ.ಪೂ. 3100ರ ಸುಮಾರಿನ ಭಟ್ಟಿ ಸಿಕ್ಕಿದೆ. ಒಂದು ಸಲಕ್ಕೆ ಸುಮಾರು 22,400 ಲೀಟರ್ ಬಿಯರ್ ತಯಾರಾಗುತ್ತಿತ್ತಂತೆ, ಬಹುಶಃ ರಾಜರ ಉತ್ತರಕ್ರಿಯೆಗಳಿಗೆ. ಸತ್ತ ದೊರೆಗೆ ಅಷ್ಟು ಬಾಯಾರಿಕೆ.

ದೇವಲೋಕದಲ್ಲೂ ವ್ಯವಸ್ಥೆ ಇತ್ತು. ಬ್ಯಾಬಿಲೋನಿನ ದಕ್ಷಿಣಕ್ಕಿದ್ದ ಹಳೆಯ ನಾಡು ಸುಮೇರ್. ಅಲ್ಲಿನ ಬಿಯರ್ ದೇವತೆ ನಿನ್‌ಕಾಸಿ, ಹೆಣ್ಣು. ಹಮ್ಮುರಬಿಗೆ ಸ್ವಲ್ಪ ಹಿಂದೆಮುಂದೆ, ಕ್ರಿ.ಪೂ. 1800ರ ಸುಮಾರಿಗೆ ಬರೆದಿಟ್ಟ ಅವಳ ಸ್ತೋತ್ರ ಓದಿದರೆ ಭಕ್ತಿಗಿಂತ ಅಡುಗೆಯೇ ಜಾಸ್ತಿ. ಬಾರ್ಲಿ ನೆನೆಹಾಕು, ಮೊಳಕೆ ಬರಿಸು, ಮಸಾಲೆ ಬೆರೆಸಿದ ಬಪ್ಪಿರ್ ಎಂಬ ರೊಟ್ಟಿ ಸುಡು, ಬೇಯಿಸಿದ ಗಂಜಿಯನ್ನು ಜೊಂಡಿನ ಚಾಪೆ ಮೇಲೆ ಹರಡಿ ಆರಿಸು, ಸೋಸು. ಮೊಳಕೆ ರಾಗಿ ಹಿಟ್ಟು ಮಾಡಿದ ಯಾವ ಅಜ್ಜಿಗೂ ಅರ್ಧ ದಾರಿಯವರೆಗೆ ಇದು ಗೊತ್ತಿರುವ ಕೆಲಸವೇ. ಸ್ತೋತ್ರದ ಕೊನೆಗೆ ಅವಳು ಸುರಿಯುವ ಬಿಯರ್ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ಹಾಗೆ ಧುಮುಕುತ್ತದೆ. ಸುರಿಯುವವಳು ದೇವತೆಯಾದರೆ ಬಿಯರೇ ನದಿ. ಬೀದಿಯವಳಾದರೆ ಅವಳನ್ನೇ ನದಿಗೆ.

ತಮಾಷೆ ಅಂದರೆ, ಅದೇ ನಾಡಿನ ರಾಜರ ಪಟ್ಟಿಯಲ್ಲಿ ಕುಬಾಬಾ ಎಂಬ ಒಬ್ಬಳಿದ್ದಾಳೆ. ಹೆಂಡದಂಗಡಿಯವಳು. ಕಿಶ್ ನಗರದ ಬುನಾದಿ ಗಟ್ಟಿ ಮಾಡಿದಳು, ರಾಜಳಾದಳು, ನೂರು ವರ್ಷ ಆಳಿದಳು ಎಂದು ಬರೆದಿದೆ. ರಾಣಿ ಅಲ್ಲ, ಗಂಡಸರಿಗೆ ಹಾಕುವ 'ರಾಜ' ಪದವನ್ನೇ ಹಾಕಿದ್ದಾರೆ. ನೂರು ವರ್ಷ ನಂಬುವುದು ಕಷ್ಟ. ಆದರೂ ಆ ನೂರು ವರ್ಷ ಯಾವ ಅಂಗಡಿಯವಳನ್ನೂ ನೀರಿಗೆ ಎಸೆದಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಇಷ್ಟನ್ನೂ ಗ್ರೂಪಿಗೆ ಬರೆದು ಹಾಕಿದೆ. ಭಾವನವರು ಫೋನೇ ಮಾಡಿದರು. "ಅಲ್ಲಪ್ಪಾ, ಎಷ್ಟಾದರೂ ಮೋಸಕ್ಕೆ ಶಿಕ್ಷೆ ಇತ್ತಲ್ಲ. ತೂಕದಲ್ಲಿ ಮೋಸ ಮಾಡಿದರೆ ಯಾರಾದರೂ ಒಂದೇ ಅಲ್ವಾ?"

ಅದನ್ನೂ ನೋಡಿದೆ. ಅದೇ ಕಾನೂನಿನಲ್ಲಿ ಸಾಲ ಕೊಡುವ ವರ್ತಕನ ಮೋಸಕ್ಕೂ ಒಂದು ಕಲಮಿದೆ. ಕೊಡುವಾಗ ಸಣ್ಣ ಕಲ್ಲಿನಲ್ಲಿ ತೂಗಿ ಕೊಟ್ಟ, ವಾಪಸು ತಗೊಳ್ಳುವಾಗ ದೊಡ್ಡ ಕಲ್ಲಿನಲ್ಲಿ ತೂಗಿಕೊಂಡ. ಅದೇ ತಕ್ಕಡಿ, ಅದೇ ಕೈಚಳಕ. ಅವನಿಗೆ ಶಿಕ್ಷೆ ಏನು? ಕೊಟ್ಟ ಸಾಲ ವಾಪಸು ಸಿಗುವುದಿಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗಬಹುದು.

ಹಮ್ಮುರಬಿ ಕಾನೂನು ಕೆತ್ತಿಸಿದ ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಎರಡು ಮೀಟರಿಗಿಂತ ಎತ್ತರ, ಕಪ್ಪಗೆ ಹೊಳೆಯುತ್ತದೆ. ಬ್ಯಾಬಿಲೋನನ್ನು ಲೂಟಿ ಮಾಡಿದ ಏಲಂ ಎಂಬ ಪಕ್ಕದ ದೇಶದ (ಇವತ್ತಿನ ಇರಾನಿನ ಭಾಗ) ರಾಜನೊಬ್ಬ ಅದನ್ನು ತನ್ನೂರಿಗೆ ಹೊತ್ತೊಯ್ದ. ತನ್ನ ಹೆಸರು ಕೆತ್ತಿಸಬೇಕೆಂದು ಮುಂಭಾಗದ ಕೆಳಗಿನ ಒಂದಿಷ್ಟು ಬರಹವನ್ನು ಉಜ್ಜಿಸಿಯೂ ಹಾಕಿದ. ಹೆಸರು ಕೆತ್ತುವ ಕೆಲಸ ಮಾತ್ರ ಆಗಲೇ ಇಲ್ಲ. ವರ್ತಕನ ತಕ್ಕಡಿಯ ಕಲಮು ಇದ್ದದ್ದು ಆ ಉಜ್ಜಿಹೋದ ಜಾಗದಲ್ಲಿ. ಅದನ್ನು ಈಗ ಬೇರೆ ಕಡೆ ಸಿಕ್ಕ ಮಣ್ಣಿನ ಹಲಗೆಗಳ ನಕಲಿನಿಂದ ಓದಿಕೊಳ್ಳಬೇಕು. ಹೆಂಡದಂಗಡಿಯವಳ ನಾಲ್ಕು ಕಲಮನ್ನು ನೋಡಬೇಕಾದರೆ ಅಷ್ಟೆಲ್ಲ ಕಷ್ಟವಿಲ್ಲ. ಕಲ್ಲನ್ನು ಒಂದು ಸುತ್ತು ಹಾಕಿ ಹಿಂದಕ್ಕೆ ಹೋದರೆ ಸಾಕು, ಅಲ್ಲೇ ಇವೆ.